ದೇವರ ಪುಡಿ ಮತ್ತು ನಿಂತುಹೋದ ಗುಳಿಗೆ



ನಮ್ಮ ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗನ ವಿಷಯದಿಂದ ಶುರು ಮಾಡುತ್ತೇನೆ. ಹೆಸರು ಬೇಡ. ಕುರುಗೋಡು ಕಡೆಯ ಒಂದು ಹಳ್ಳಿಯವನು. ಅಪ್ಪ ಮೆಣಸಿನಕಾಯಿ ಹೊಲದಲ್ಲಿ ಕೂಲಿ, ಅವ್ವನೂ ಕೂಲಿ. ಡಿಗ್ರಿ ಎರಡನೇ ವರ್ಷಕ್ಕೆ ಬಂದಾಗ ಇವನಿಗೆ ನಿದ್ದೆ ಹೋಯಿತು. ರಾತ್ರಿಯೆಲ್ಲಾ ವರಾಂಡದಲ್ಲಿ ತಿರುಗುತ್ತಿದ್ದ. 'ಗೋಡೆ ಆಚೆ ನಿಂತು ನನ್ನ ಜಾತಿ ಹಿಡಿದು ಬೈತಾರೆ, ನಿಮಗೆ ಕೇಳಲ್ಲೇನ್ರಲೇ' ಅಂತಿದ್ದ. ನಮಗೆ ಕೇಳುತ್ತಿರಲಿಲ್ಲ. ಆದರೆ ಅಂಥ ಬೈಗುಳ ಇಲ್ಲವೇ ಇಲ್ಲ ಅಂತ ಅವನಿಗೆ ಹೇಳುವ ಧೈರ್ಯವೂ ಆಗುತ್ತಿರಲಿಲ್ಲ. ಹಗಲು ಹೊತ್ತು ನಾವೆಲ್ಲ ಅದನ್ನು ಕೇಳಿದವರೇ.

ಇಬ್ಬರು ಸೇರಿ ಬಳ್ಳಾರಿಗೆ ಕರೆದುಕೊಂಡು ಹೋದೆವು. ಮನೋವೈದ್ಯರು ನೋಡಿದರು, ಗುಳಿಗೆ ಬರೆದುಕೊಟ್ಟರು. ಮೊದಲ ಹದಿನೈದು ದಿನ ಹುಡುಗ ಮಂಕಾಗಿ ಕೂತಿರುತ್ತಿದ್ದ, ಬಾಯಿ ಒಣಗುತ್ತೆ ಅನ್ನುತ್ತಿದ್ದ. ಆಮೇಲೆ ನಿದ್ದೆ ಬಂತು. ಬೈಗುಳ ದೂರಾಯಿತು. ಪರೀಕ್ಷೆಯನ್ನೂ ಬರೆದ. ಜಾತ್ರೆಗೆ ಅಂತ ಊರಿಗೆ ಹೋದವನು ಒಂದು ತಿಂಗಳಾದರೂ ಬರಲಿಲ್ಲ.

ಆದದ್ದು ಇಷ್ಟು. ಸಂಬಂಧಿಕರೊಬ್ಬರು ಒಬ್ಬ ಅಜ್ಜನ ಹತ್ತಿರ ಒಯ್ದಿದ್ದಾರೆ. ಅಜ್ಜ ಹೊಡೆಯಲಿಲ್ಲ, ಬಡಿಯಲಿಲ್ಲ. ಅದನ್ನೂ ಹೇಳಬೇಕು. ತಲೆ ಮೇಲೆ ಕೈಯಿಟ್ಟು, ಬೂದಿ ಹಚ್ಚಿ, ಮೂರು ಪೊಟ್ಟಣ ಪುಡಿ ಕೊಟ್ಟಿದ್ದಾನೆ. 'ಇದು ಗಿಡಮೂಲಿಕೆ, ದೇವರ ಪ್ರಸಾದ. ಏನೂ ತೊಂದರೆ ಇಲ್ಲ. ಆದರೆ ಇಂಗ್ಲಿಷ್ ಗುಳಿಗಿ ತಗಂಡರೆ ಇದು ಕೆಲಸ ಮಾಡಂಗಿಲ್ಲ, ಅದನ್ನ ಇವತ್ತೇ ಬಿಡಬೇಕು.' ಪೊಟ್ಟಣಕ್ಕೆ ಐನೂರರಂತೆ 1,500 ರೂಪಾಯಿ. ಅವ್ವ ಕಿವಿಯೋಲೆ ಒತ್ತೆ ಇಟ್ಟಳು. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು ಅನ್ನುವುದನ್ನು ಮರೆಯಬೇಡಿ. ಪುಕ್ಕಟೆ ಸಿಗುವುದನ್ನು ಬಿಟ್ಟು ಓಲೆ ಒತ್ತೆ ಇಟ್ಟು ಪುಡಿ ತಂದಳು. ಐದಾರು ವಾರಕ್ಕೆ ಹುಡುಗ ಕಾಲುವೆ ದಂಡೆಯ ಮೇಲೆ ಸಿಕ್ಕ. ಮೈಮೇಲೆ ಅಂಗಿ ಇರಲಿಲ್ಲ. ಯಾರೋ ನೀರಿನಿಂದ ಈಚೆ ಎಳೆದಿದ್ದರು.

ಈಗ ನಿಮ್ಮಲ್ಲಿ ಕೆಲವರು ಅನ್ನುತ್ತೀರಿ: ನೋಡಿ, ಮೂಢನಂಬಿಕೆ, ಅಜ್ಞಾನ, ನಮ್ಮ ಜನ ಸುಧಾರಿಸೋದಿಲ್ಲ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಆ ಅವ್ವ ದಡ್ಡಿಯಲ್ಲ. ಯಾವ ಕಂಪನಿಯ ಬೀಜ ಮೋಸ, ಯಾವ ಅಂಗಡಿಯವನ ತೂಕ ಮೋಸ ಅಂತ ಆಕೆಗೆ ಗೊತ್ತು. ಆಸ್ಪತ್ರೆಯಲ್ಲಿ ಯಾರೂ ಆಕೆಯ ಜೊತೆ ಎರಡು ಮಾತು ಆಡಿರಲಿಲ್ಲ. ಮಗನಿಗೆ ಏನಾಗಿದೆ, ಗುಳಿಗೆ ಎಷ್ಟು ದಿನ, ಬಿಟ್ಟರೆ ಏನಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಚೀಟಿಯನ್ನು ಹುಡುಗನ ಕೈಗೆ ಕೊಟ್ಟು 'ನೆಕ್ಸ್ಟ್' ಅಂದರು. ಅಜ್ಜ ಮಾತ್ರ ಅರ್ಧ ತಾಸು ಕೂತು ಆಕೆಯ ಕಷ್ಟ ಕೇಳಿದ. 1,500 ರೂಪಾಯಿ ಆಕೆ ಕೊಟ್ಟದ್ದು ಆ ಅರ್ಧ ತಾಸಿಗೆ. ಪುಡಿ ನೆಪ.

ಹಾಗಂತ ಪುಡಿಯನ್ನು ಸುಮ್ಮನೆ ಬಿಡುವಂತಿಲ್ಲ. ಅದರಲ್ಲಿ ಏನಿತ್ತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಪೊಟ್ಟಣದ ಮೇಲೆ ಹೆಸರಿಲ್ಲ, ತೂಕ ಇಲ್ಲ, ಮಾಡಿದವನ ವಿಳಾಸ ಇಲ್ಲ. 'ನ್ಯಾಚುರಲ್ಲು, ಸೈಡ್ ಎಫೆಕ್ಟ್ ಇಲ್ಲ' ಅನ್ನುತ್ತಾರೆ. ಈಗ ಮೊಬೈಲಿನಲ್ಲೂ ಅದೇ ಹಾಡು: ಬ್ರಾಹ್ಮಿ, ಅಶ್ವಗಂಧ, ಮನಶ್ಶಾಂತಿ, ಮೇಲೊಂದು ದೇವರ ಫೋಟೋ. ಎಕ್ಕದ ಹಾಲೂ ನ್ಯಾಚುರಲ್ಲೇ. ಉಮ್ಮತ್ತಿ ಬೀಜವೂ ನ್ಯಾಚುರಲ್ಲೇ. ಅದನ್ನು ತಿಂದರೆ ಸರಿ ಇದ್ದವನಿಗೂ ಬುದ್ಧಿ ಭ್ರಮಣೆಯಾಗುತ್ತೆ ಅಂತ ನಮ್ಮ ಕೇರಿಯ ದನ ಕಾಯುವ ಹುಡುಗರಿಗೂ ಗೊತ್ತು.

ಗಿಡಮೂಲಿಕೆ ಬಗ್ಗೆ ನನಗೆ ತಾತ್ಸಾರ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಬೇರು, ತೊಗಟೆ, ಸೊಪ್ಪು ಗುರುತು ಹಿಡಿದವರು ಯಾರು? ಕಾಡು ಮೇಡು ತಿರುಗಿದ ನಮ್ಮವರು, ಸೂಲಗಿತ್ತಿಯರು, ದನದ ರೋಗಕ್ಕೆ ಮದ್ದು ಅರೆದವರು. ಸರ್ಪಗಂಧದ ಕಥೆ ಕೇಳಿ. ಬಿಹಾರ, ಬಂಗಾಳದ ಹಳ್ಳಿಗಳಲ್ಲಿ ಇದರ ಬೇರಿಗೆ 'ಹುಚ್ಚಿನ ಔಷಧಿ' ಅಂತಲೇ ಹೆಸರಿತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅನ್ನುವ ಇಬ್ಬರು ವೈದ್ಯರು ಈ ಬೇರು ರಕ್ತದೊತ್ತಡಕ್ಕೂ ಹುಚ್ಚಿನ ಆರ್ಭಟಕ್ಕೂ ಕೆಲಸ ಮಾಡುತ್ತೆ ಅಂತ ಬರೆದರು. ದೊಡ್ಡವರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದೇ ಬೇರಿನಿಂದ ರಿಸರ್ಪಿನ್ ಅನ್ನುವ ಸತ್ವ ತೆಗೆದರು. 1954ರಲ್ಲಿ ನ್ಯೂಯಾರ್ಕಿನಲ್ಲಿ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಗುಣ ಕಂಡೆ ಅಂದ ಮೇಲೆ ಲೋಕಕ್ಕೆಲ್ಲ ಅದು ವಿಜ್ಞಾನವಾಯಿತು. ಗಿಡಕ್ಕೆ ಇಟ್ಟ ರಾವೊಲ್ಫಿಯಾ ಅನ್ನುವ ಹೆಸರು ಕೂಡ 16ನೇ ಶತಮಾನದ ಒಬ್ಬ ಜರ್ಮನ್ ವೈದ್ಯನದು. ಬೇರು ಅಗೆದವನ ಹೆಸರು ಎಲ್ಲೂ ಇಲ್ಲ. ಬೇರು ನಮ್ಮದು, ಡಬ್ಬಿ ಅವರದು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಿಜವಾಗಿ ಕೆಲಸ ಮಾಡುವ ಬೇರು ನಿಜವಾಗಿ ಕೆಡುಕನ್ನೂ ಮಾಡುತ್ತೆ. ರಿಸರ್ಪಿನ್ ತಗೊಂಡ ಕೆಲವರ ರಕ್ತದೊತ್ತಡ ಪಾತಾಳಕ್ಕೆ ಇಳಿಯಿತು, ಕೆಲವರಿಗೆ ಮನಸ್ಸೇ ಕುಗ್ಗಿಹೋಯಿತು ಅಂತ ವೈದ್ಯರು ಬರೆದರು. ಆ ಬರೆದದ್ದರಿಂದಲೇ ಮುಂದಿನವರು ಹುಷಾರಾದರು, ಮನೋರೋಗಕ್ಕೆ ಬೇರೆ ಗುಳಿಗೆಗಳು ಬಂದು ಇದು ಹಿಂದಕ್ಕೆ ಸರಿಯಿತು. ಅಜ್ಜನ ಪುಡಿಯಿಂದ ಹಾಳಾದವರ ಲೆಕ್ಕವನ್ನು ಬರೆದಿಡುವವರು ಯಾರು? ಗುಣವಾದರೆ ದೇವರ ಮಹಿಮೆ, ಆಗದಿದ್ದರೆ ನಿನ್ನ ಕರ್ಮ. ಈ ಲೆಕ್ಕ ನಮಗೆ ಹೊಸದಲ್ಲ. ನಮ್ಮನ್ನು ಕೇರಿಯಲ್ಲಿ ಇಟ್ಟದ್ದೂ ಇದೇ ಲೆಕ್ಕ.

ಇನ್ನು ಬ್ರಾಹ್ಮಿ. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಎರಡೂ ಬೇರೆ ಬೇರೆ ಗಿಡ, ಬೇರೆ ಬೇರೆ ಕುಲ. ಡಬ್ಬಿಯಲ್ಲಿ ಯಾವುದಿದೆ ಅಂತ ಮಾರುವವನಿಗೇ ಗೊತ್ತಿರುವುದಿಲ್ಲ. ಒಂದೆಲಗದ ಚಟ್ನಿ ಊಟಕ್ಕೆ ಒಳ್ಳೆಯದು, ತಿನ್ನಿ. ಬೈಗುಳ ಕೇಳಿಸುವ ರೋಗ ಚಟ್ನಿಗೆ ಹೋಗುವುದಿಲ್ಲ. ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದು, ಕೆಲವರಿಗೆ ನಿದ್ದೆಗೆ ಸ್ವಲ್ಪ ಅನುಕೂಲ ಮಾಡಬಹುದು ಅನ್ನುವ ಸಣ್ಣ ಪುಟ್ಟ ಪರೀಕ್ಷೆಗಳಿವೆ. ಅದೇ ಹಿರೇಮದ್ದಿನಿಂದ ಕೆಲವರ ಲಿವರ್ ಕೆಟ್ಟದ್ದೂ ದಾಖಲಾಗಿದೆ. ಡೆನ್ಮಾರ್ಕ್ ದೇಶ 2023ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಯುರೋಪಿನವರಿಗೂ ಒಂದು ಸೊಪ್ಪಿದೆ, ಸೇಂಟ್ ಜಾನ್ಸ್ ವರ್ಟ್ ಅಂತ. ಹೆಸರಿನಲ್ಲೇ ಸಂತ ಇದ್ದಾನೆ! ಮಧ್ಯಮ ಮಟ್ಟದ ಖಿನ್ನತೆಗೆ ಅದು ಕೆಲಸ ಮಾಡುತ್ತೆ ಅಂತ ಜರ್ಮನಿಯ ಡಾಕ್ಟರುಗಳು ಚೀಟಿಯಲ್ಲೇ ಬರೆದುಕೊಡುತ್ತಾರೆ. ಆದರೆ ಅದು ಗರ್ಭನಿರೋಧಕ ಗುಳಿಗೆಯ, ಏಡ್ಸ್ ಗುಳಿಗೆಯ ಶಕ್ತಿಯನ್ನು ಇಳಿಸಿಬಿಡುತ್ತೆ ಅಂತಲೂ ಕಂಡುಹಿಡಿದು ಎಚ್ಚರಿಕೆ ಬರೆದಿದ್ದಾರೆ. ಸೊಪ್ಪೂ ಗುಳಿಗೆಯೂ ಹೊಟ್ಟೆಯೊಳಗೆ ಒಂದನ್ನೊಂದು ಮುಟ್ಟಿಸಿಕೊಳ್ಳದೆ ಇರುವುದಿಲ್ಲ. ಅಲ್ಲಿ ಅಸ್ಪೃಶ್ಯತೆ ನಡೆಯುವುದಿಲ್ಲ.

ಪುಡಿಗಳ ಒಳಗಿನ ಮೋಸ ಬೇರೆ. 2004ರಲ್ಲಿ ಅಮೆರಿಕದ ಬಾಸ್ಟನ್ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದರು. 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಸಿಕ್ಕಿತು. ಐದಕ್ಕೆ ಒಂದು. ಸೀಸ ಮೆದುಳಿಗೇ ಹೋಗಿ ಕೂಡುವ ವಿಷ. ಮೆದುಳು ಸರಿ ಮಾಡಲು ಕೊಟ್ಟದ್ದು ಮೆದುಳನ್ನೇ ತಿನ್ನುತ್ತೆ. ಇನ್ನೊಂದು ಥರದ ಮೋಸ: ಮೂರ್ಛೆರೋಗಕ್ಕೆ ಆಯುರ್ವೇದದ ಪುಡಿ ಅಂತ ಮಾರಿದ್ದರಲ್ಲಿ ಫಿನೋಬಾರ್ಬಿಟೋನ್ ಅನ್ನುವ ಇಂಗ್ಲಿಷ್ ಔಷಧಿಯನ್ನೇ ಬೆರೆಸಿದ್ದು ಈ ದೇಶದಲ್ಲಿ ಸಿಕ್ಕಿಬಿದ್ದಿದೆ. ದೇವರ ಹೆಸರಿನಲ್ಲಿ ಅದೇ ಗುಳಿಗೆ, ಅಳತೆ ಮಾತ್ರ ಇಲ್ಲ! ಅದನ್ನು ನಿಲ್ಲಿಸಿದ ದಿನ ಮೂರ್ಛೆ ಒಂದರ ಮೇಲೊಂದು ಬಂದು ಜೀವ ಹೋಗಬಹುದು. ಮೂರ್ಛೆ, ಹುಚ್ಚು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದೇ 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆಗೆ ಎಪ್ಪತ್ತು ವರ್ಷ ಆಯಿತು. ಬಸ್ ಸ್ಟ್ಯಾಂಡಿನ ಗೋಡೆ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲ ಪ್ರಶ್ನೆ ಹಾಗೇ ಉಳಿಯುತ್ತೆ. ಜನ ಗುಡಿಗೆ, ದರ್ಗಾಕ್ಕೆ, ಗದ್ದುಗೆಗೆ ಯಾಕೆ ಹೋಗುತ್ತಾರೆ? ನಿಮ್ಹಾನ್ಸಿನವರೂ ಸೇರಿ ತಮಿಳುನಾಡಿನ ಒಂದು ಗುಡಿಯಲ್ಲಿ ಇದನ್ನೇ ನೋಡಿದರು, 2002ರಲ್ಲಿ ಪ್ರಕಟಿಸಿದರು. ಮುತ್ತುಸ್ವಾಮಿ ಅನ್ನುವ ದೇವರ ಗುಡಿ. ಅಲ್ಲಿ ಬಂದು ಉಳಿದ 31 ಮನೋರೋಗಿಗಳನ್ನು ಬಂದ ದಿನ, ಹೋಗುವ ದಿನ ಪರೀಕ್ಷಿಸಿದರು. ಸರಾಸರಿ ಐದಾರು ವಾರದ ವಾಸ. ಔಷಧಿ ಇಲ್ಲ, ವಿಶೇಷ ಮಂತ್ರ ಇಲ್ಲ. ಆದರೂ ರೋಗದ ಲಕ್ಷಣಗಳು ಸುಮಾರು ನೂರಕ್ಕೆ ಇಪ್ಪತ್ತರಷ್ಟು ಇಳಿದಿದ್ದವು. ಮನೆಯವರೊಬ್ಬರು ಜೊತೆಗಿದ್ದರು, ಪುಕ್ಕಟೆ ಜಾಗ ಇತ್ತು, ಸಣ್ಣ ಪುಟ್ಟ ಕೆಲಸ ಇತ್ತು, ಯಾರೂ ಹೀಯಾಳಿಸುತ್ತಿರಲಿಲ್ಲ. ನಮ್ಮ ವಿಚಾರವಾದಿಗಳು ಇದನ್ನು ಓದಿ ಮುಖ ಸಿಂಡರಿಸಬಾರದು. ಗುಡಿಯಲ್ಲಿ ಗುಣ ಮಾಡಿದ್ದು ಕಲ್ಲಲ್ಲ, ಆಸರೆ. ಆ ಆಸರೆಯನ್ನು ಹಾಸ್ಟೆಲಿನ ವರಾಂಡದಲ್ಲೂ ಕೊಡಬಹುದಿತ್ತು. ನಾವು ಕೊಟ್ಟೆವಾ? ನಮ್ಮಲ್ಲೇ ಕೆಲವರು ಅವನಿಗೆ 'ಮೆಂಟಲ್' ಅಂತ ಅಡ್ಡಹೆಸರು ಇಟ್ಟಿದ್ದರು. ನಾನೂ ನಕ್ಕಿದ್ದೆ.

ಆದರೆ ಎಲ್ಲಾ ಆಸರೆಯೂ ಆಸರೆ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಊರಿನ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದ ಮನೋರೋಗಿಗಳನ್ನು ಸರಪಳಿ ಹಾಕಿ ಕಟ್ಟಿದ್ದರು. 28 ಜನ ಸತ್ತರು. ಸರಪಳಿ ಇಲ್ಲದಿದ್ದರೆ ಓಡುತ್ತಿದ್ದರು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಅನ್ನುತ್ತೆ. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಹೊಗೆ ಹಾಕುವುದು ಕರ್ನಾಟಕದ ವಾಮಾಚಾರ ವಿರೋಧಿ ಕಾಯ್ದೆಯಲ್ಲಿ ಅಪರಾಧ. ಅದೂ 2017ರದು, 2020ರಿಂದ ಜಾರಿಯಲ್ಲಿದೆ.

ನಮ್ಮ ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇದು ಪುಡಿಗೆ ನಿಲ್ಲುವುದಿಲ್ಲ. ಹುಡುಗಿಗೆ ಮೂರ್ಛೆ ಬಂತು, ಮೈಮೇಲೆ ಬಂತು, ತಲೆಗೂದಲು ಜಡೆಗಟ್ಟಿತು ಅಂದರೆ 'ದೇವಿ ಕರೆದಾಳೆ' ಅಂತ ಹೇಳುವವರು ನಮ್ಮ ಸೀಮೆಯಲ್ಲಿ ಇದ್ದರು. ಎಷ್ಟೋ ಮಾದಿಗರ, ಛಲವಾದಿಗಳ ಮನೆಯ ಹುಡುಗಿಯರಿಗೆ ಮುತ್ತು ಕಟ್ಟಿದ್ದು ಇಂಥ ಕರೆಯ ಹೆಸರಿನಲ್ಲಿ. ರೋಗ ಹುಡುಗಿಯದು, ಲಾಭ ಊರ ಗೌಡನದು. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ 1982ರಲ್ಲಿ ಬಂತು. ಯಾವ ಮೇಲ್ಜಾತಿಯ ಮನೆಯ ಮೂರ್ಛೆರೋಗದ ಮಗಳನ್ನಾದರೂ ದೇವಿ ಹೀಗೆ ಕರೆದದ್ದುಂಟಾ? ಅವರ ಮಗಳನ್ನು ಬೆಂಗಳೂರಿನ ನರರೋಗ ತಜ್ಞ ಕರೆಯುತ್ತಾನೆ.

ಈಗ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಔಷಧಿ ಕೊಡಬಹುದು ಅಂತ ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಎಲ್ಲಿ ಗೊತ್ತಾ? ನಮ್ಮ ಬಳ್ಳಾರಿಯಲ್ಲಿ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಕಾಗದದ ಮೇಲೆ ಬಂತು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಸಣ್ಣದಾಗಿ ಮಾಡಿ ಅನುಭವ ಪಡೆದಿದ್ದ ನಿಮ್ಹಾನ್ಸಿನವರು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ಆಗ ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲಾ ನಮ್ಮ ಜಿಲ್ಲೆಯೇ. ಹದಿನೈದು ಲಕ್ಷದ ಮೇಲೆ ಜನ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕ್ಲೋರ್‌ಪ್ರೊಮಜಿನ್, ಇಮಿಪ್ರಮಿನ್, ಫಿನೋಬಾರ್ಬಿಟೋನ್ ಅನ್ನುವ ಅಗ್ಗದ ನಾಲ್ಕಾರು ಔಷಧಿಗಳನ್ನು ಕೇಂದ್ರಗಳಿಗೆ ಕೊಟ್ಟರು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರು ಕೂತರು. ಕಾರ್ಯಕರ್ತೆ ಕೇರಿಗೇ ಬಂದು 'ಗುಳಿಗೆ ನುಂಗಿದಿಯೇನಪ್ಪಾ' ಅಂತ ಕೇಳುವ ವ್ಯವಸ್ಥೆ ಅದು. ಬೆಂಗಳೂರಿಗೆ ಬಸ್ಸಿನ ದುಡ್ಡಿಲ್ಲದವನಿಗೆ ಊರ ಹತ್ತಿರವೇ ಔಷಧಿ. 1990ರ ತನಕ ಇದು ನಡೆಯಿತು. ಇದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶಕ್ಕೆಲ್ಲ ಹರಡಲು ಹೊರಟರು. ಪುಸ್ತಕಗಳಲ್ಲಿ ಅದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರು.

ಬಳ್ಳಾರಿ ಅಂದರೆ ಗಣಿ, ಧೂಳು, ಬಿಸಿಲು ಅಂತಷ್ಟೇ ಕೇಳಿದ್ದ ನನಗೆ ಇದು ಗೊತ್ತಾದ ದಿನ ಹೆಮ್ಮೆಯಾಯಿತು. ಮರುದಿನವೇ ಸಿಟ್ಟು ಬಂತು. ಮಾದರಿಯ ಜಿಲ್ಲೆಯಲ್ಲಿ ನಮ್ಮ ಗೆಳೆಯನ ಅವ್ವನಿಗೆ ಎರಡು ಮಾತು ಹೇಳುವವರು ಯಾಕಿರಲಿಲ್ಲ? ಅವನು ಊರಿಗೆ ಹೋದಾಗ ಹತ್ತಿರದ ಕೇಂದ್ರದಲ್ಲಿ ಔಷಧಿ ಕೇಳಿದನಂತೆ. 'ಸ್ಟಾಕ್ ಇಲ್ಲ, ಮುಂದಿನ ವಾರ ಬಾ' ಅಂದರಂತೆ. ಮುಂದಿನ ವಾರ ಬರುವ ಹೊತ್ತಿಗೆ ಅಜ್ಜನ ಪುಡಿ ಬಂದಿತ್ತು. ಗುಳಿಗೆ ನಿಂತ ಕಡೆ ಪುಡಿ ಶುರುವಾಗುತ್ತೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ತೀವ್ರ ಖಿನ್ನತೆ ಇದ್ದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಷ್ಟೂ ಜನ ಎಲ್ಲಿಗೆ ಹೋಗಬೇಕು?

ಇನ್ನೊಂದು ಕಡೆಯಿಂದಲೂ ನೋಡಬೇಕು. ಎಲ್ಲಾ ಸಂಕಟಕ್ಕೂ ಗುಳಿಗೆ ಮದ್ದಲ್ಲ. ಹೈದರಾಬಾದಿನಲ್ಲಿ ರೋಹಿತ್ ವೇಮುಲನನ್ನು ಹಾಸ್ಟೆಲಿನಿಂದ ಹೊರಹಾಕಿದರು, 2016ರ ಜನವರಿಯಲ್ಲಿ ಅವನು ಸತ್ತ. ಬ್ರಾಹ್ಮಿಯೂ ಅಲ್ಲ, ಗುಳಿಗೆಯೂ ಅಲ್ಲ, ಅವನಿಗೆ ಬೇಕಿದ್ದದ್ದು ನ್ಯಾಯ. ಜಾತಿ ಕೊಟ್ಟ ನೋವನ್ನು 'ನಿನ್ನ ಮನಸ್ಸು ದುರ್ಬಲ, ಧ್ಯಾನ ಮಾಡು, ಲೇಹ್ಯ ತಿನ್ನು' ಅಂತ ನಮ್ಮ ತಲೆಗೇ ಕಟ್ಟುವವರನ್ನು ನಂಬಬೇಡಿ. ಆದರೆ ಜಾತಿಯಿಂದ ನೊಂದವನಿಗೆ ರೋಗವೂ ಬರಬಹುದು. ಎರಡೂ ಒಟ್ಟಿಗೇ ಇರಬಹುದು. ಕಾಲು ಮುರಿದವನು ಯಾರು ಅಂತ ಹೋರಾಟ ಮಾಡುತ್ತಲೇ ಮುರಿದ ಕಾಲಿಗೆ ಪಟ್ಟಿ ಕಟ್ಟಿಸಬೇಕು.

ಹಾಸ್ಟೆಲಿನ ಗೆಳೆಯರಿಗೆ ಕೆಲವು ಮಾತು. ಜೊತೆಯವನು ವಾರಗಟ್ಟಲೆ ನಿದ್ದೆ ಮಾಡದಿದ್ದರೆ, ಇಲ್ಲದ ಮಾತು ಕೇಳಿಸುತ್ತೆ ಅಂದರೆ, ಸಾಯುವ ಮಾತು ಆಡಿದರೆ, ಒಬ್ಬನನ್ನೇ ಬಿಡಬೇಡಿ. ನಮ್ಮ ಸೀಮೆಯಲ್ಲಿ 'ಔಷಧಿ ಕುಡಿದ' ಅಂದರೆ ಸತ್ತ ಅಂತ ಅರ್ಥ. ಹೊಲಕ್ಕೆ ಹೊಡೆಯುವ ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ನಾಡು ಇದು! ಅಂಥ ಡಬ್ಬಿಗಳನ್ನು ಅವನ ಕೈಗೆ ಸಿಗದ ಹಾಗೆ ಮನೆಯವರಿಗೆ ಹೇಳಿ. ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಒಯ್ಯದೆ ಇರಬೇಡಿ. ಸಾಯಲು ಹೋದವನನ್ನು ಶಿಕ್ಷಿಸುವ ಕಾಲ 2017ರ ಕಾಯ್ದೆಯ 115ನೇ ಕಲಮಿನಿಂದ ಹೋಯಿತು. 14416 ಅನ್ನುವ ಟೆಲಿ ಮಾನಸ್ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರು ಗುಡಿಗೆ ಒಯ್ಯುತ್ತೇವೆ ಅಂದರೆ ಜಗಳ ಆಡಬೇಡಿ, ಜೊತೆಗೆ ಹೋಗಿ. ದಾರ ಕಟ್ಟಿಸಿಕೊಳ್ಳಲಿ, ಬೂದಿ ಹಚ್ಚಿಸಿಕೊಳ್ಳಲಿ, ಪ್ರಸಾದ ತಿನ್ನಲಿ. ಹೆಸರಿಲ್ಲದ ಪುಡಿ ಮಾತ್ರ ಬಾಯಿಗೆ ಬೇಡ. ಈಗಾಗಲೇ ತಿಂದಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ, ಪೊಟ್ಟಣ ಸಮೇತ ತೋರಿಸಿ. ಬೈದರೆ ಬೈಸಿಕೊಳ್ಳಿ. 'ಗುಳಿಗೆ ಬಿಡು' ಅನ್ನುವ ಮಾತು ಅಜ್ಜನ ಬಾಯಲ್ಲಿ ಬಂದ ಕ್ಷಣ ಎದ್ದು ಬನ್ನಿ. ಗುಜರಾತಿನ ಉನಾವಾ ದರ್ಗಾದಲ್ಲಿ ದವಾ ಮತ್ತು ದುವಾ ಅಂತ ಮಾಡಿದರು: ಒಂದು ಬಾಗಿಲಲ್ಲಿ ಪ್ರಾರ್ಥನೆ, ಪಕ್ಕದಲ್ಲೇ ಮನೋವೈದ್ಯರು. ಪ್ರಾರ್ಥನೆ ಮಾಡಿಸುವವರೇ ರೋಗಿಯನ್ನು ಡಾಕ್ಟರ ಹತ್ತಿರ ಕಳಿಸುತ್ತಾರೆ. ಅಲ್ಲಿ ಆಗುವುದು ಇಲ್ಲಿಯ ಜಾತ್ರೆಗಳಲ್ಲಿ ಯಾಕೆ ಆಗಬಾರದು? ಜಾತ್ರೆಯಲ್ಲಿ ಪೊಲೀಸ್ ಚೌಕಿ ಇರುತ್ತೆ, ಗುಳಿಗೆಯ ಒಂದು ಮೇಜು ಇರಲಿ.

ನಮ್ಮ ಗೆಳೆಯ ಈಗ ಮತ್ತೆ ಗುಳಿಗೆ ತಗೊಳ್ಳುತ್ತಿದ್ದಾನೆ. ಒಂದು ವರ್ಷ ಹಾಳಾಯಿತು, ಮುಂದಿನ ವರ್ಷ ಪರೀಕ್ಷೆ ಕಟ್ಟುತ್ತಾನೆ. ಅಜ್ಜ ಕಟ್ಟಿದ ದಾರ ಇನ್ನೂ ಕೈಯಲ್ಲಿದೆ, ಅವ್ವ ಬಿಚ್ಚಲು ಬಿಡುವುದಿಲ್ಲ, ನಾವೂ ಒತ್ತಾಯ ಮಾಡಿಲ್ಲ. ಓಲೆ ಇನ್ನೂ ಸೇಟು ಅಂಗಡಿಯಲ್ಲೇ ಇದೆ.

ಕುರುಗೋಡು, ಸಿರುಗುಪ್ಪ, ಬಳ್ಳಾರಿ ತಾಲ್ಲೂಕುಗಳ ಪ್ರತಿ ಆರೋಗ್ಯ ಕೇಂದ್ರದಲ್ಲೂ ಮನೋರೋಗದ, ಮೂರ್ಛೆರೋಗದ ಔಷಧಿಗಳ ಪಟ್ಟಿಯನ್ನೂ ಆ ದಿನದ ಸ್ಟಾಕನ್ನೂ ಗೋಡೆಯ ಮೇಲೆ ಬರೆದು ಹಾಕಬೇಕು ಅಂತ ಒಂದು ಅರ್ಜಿ ಬರೆದಿದ್ದೇವೆ. ಸರ್ಕಾರದ ಕಡೆಯಿಂದ ಚಿಕಿತ್ಸೆ ಪಡೆಯುವುದು 2017ರ ಕಾಯ್ದೆ ಕೊಟ್ಟ ಹಕ್ಕು, ಬಡತನ ರೇಖೆಯ ಕೆಳಗಿನವರಿಗೆ ಪುಕ್ಕಟೆ, ಆದ್ದರಿಂದ ಅರ್ಜಿಯಲ್ಲಿ 'ದಯವಿಟ್ಟು' ಅನ್ನುವ ಪದ ಹಾಕಿಲ್ಲ. ಪ್ರತಿ ಈ ಪತ್ರಿಕೆ ಮಾರುವ ಮೇಜಿನ ಮೇಲೇ ಇದೆ. ಸಹಿ ಹಾಕುವಾಗ ಊರ ಹೆಸರು, ನಿಮ್ಮ ಹತ್ತಿರದ ಕೇಂದ್ರದ ಹೆಸರು ಬಿಡಿಸಿ ಬರೆಯಿರಿ.